ಮಣಿ ಪೋಣಿಸುವ ಸೀಮೆಯಲ್ಲಿ ಮಣಿ ಮಾಡುವವರು ಯಾರು?

ಪ್ರಶ್ನೆ: ಮಣಿಸರ ಪೋಣಿಸಿ ಹೊನ್ನಾಳಿ, ನ್ಯಾಮತಿ ಸಂತೆಗಳಲ್ಲಿ, ಜಾತ್ರೆಗಳಲ್ಲಿ ಮಾರುತ್ತೇನೆ. ಬೇರೆಯವರು ಮಾಡಿದ ಮಣಿಯನ್ನೇ ಎಷ್ಟು ದಿನ ಪೋಣಿಸುವುದು ಅನ್ನಿಸುತ್ತಿದೆ. ಗಾಜಿನ ಮಣಿಯನ್ನು ಕೈಯಾರೆ ಮಾಡುವುದನ್ನು ಕಲಿಯಬೇಕು. ಚನ್ನಗಿರಿ, ಜಗಳೂರು ಸೇರಿ ನಮ್ಮ ಕಡೆ ಈ ಕಸುಬು ಎಂದಾದರೂ ಇತ್ತೇ? ಈಗ ಎಲ್ಲಿ ಕಲಿಯಬಹುದು? ಮನೆಯಲ್ಲೇ ಮಾಡಲು ಆಗುತ್ತದೆಯೇ?
— ಓದುಗರೊಬ್ಬರು, ನ್ಯಾಮತಿ ತಾಲ್ಲೂಕು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಮನೆಯಲ್ಲಿ ಆಗುತ್ತದೆ, ಅಡುಗೆಮನೆಯಲ್ಲಿ ಮಾತ್ರ ಬೇಡ. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಕಸುಬು ಇತ್ತೇ ಎಂಬ ಪ್ರಶ್ನೆಗೆ ಸ್ವಲ್ಪ ದೂರದಿಂದ ಬರಬೇಕು. ಮಣಿ ತೊಡುವುದರಲ್ಲಿ ನಮ್ಮ ಸೀಮೆ ಯಾರಿಗೂ ಕಡಿಮೆಯಿಲ್ಲ. ಮಾಡುವುದರಲ್ಲಿ ಮಾತ್ರ ಬಹಳ ಕಾಲದಿಂದ ಬೇರೆ ಊರಿನ ಕುಲುಮೆಯನ್ನೇ ನೆಚ್ಚಿಕೊಂಡಿದ್ದೇವೆ.

ನಿಮ್ಮ ತಾಲ್ಲೂಕಿನಿಂದಲೇ ಶುರು ಮಾಡೋಣ. ಸಂತ ಸೇವಾಲಾಲರು ಹುಟ್ಟಿದ್ದು 1739ರಲ್ಲಿ, ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ, ಬಂಜಾರರು, ಅಂದರೆ ಲಂಬಾಣಿಗರು, ಭಾಯಾಗಡ್ ಎಂದು ಕರೆಯುವ ಜಾಗದಲ್ಲಿ. ಪ್ರತಿ ಫೆಬ್ರವರಿಯಲ್ಲಿ ಅಲ್ಲಿ ಜಯಂತಿ ನಡೆದಾಗ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರದ ತಾಂಡಾಗಳಿಂದ ಜನ ಬರುತ್ತಾರೆ. ಹಳೆಯ ಉಡುಗೆ ಬಿಡದ ಅಜ್ಜಿಯೊಬ್ಬರ ಪಕ್ಕ ಒಂದು ಗಳಿಗೆ ಕುಳಿತು ನೋಡಿ. ಕಾಂಚಳಿಯ (ಕುಪ್ಪಸದ) ಅಂಚಿಗೆ, ಫೇಟಿಯಾದ (ಲಂಗದ) ಪಟ್ಟಿಗೆ, ಕೂದಲಿಗೆ ಕಟ್ಟಿದ ಗೊಂಡೆಗೆ ಕನ್ನಡಿ ಚೂರು, ಕವಡೆ, ನಾಣ್ಯಗಳ ಜೊತೆ ಗಾಜಿನ ಮಣಿಗಳೂ ಇರುತ್ತವೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 1,755 ಲಂಬಾಣಿ ಕಸೂತಿ ವಸ್ತುಗಳನ್ನು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಆ ಹೊಲಿಗೆ ಪೂರ್ತಿ ನಮ್ಮ ಹೆಣ್ಣುಮಕ್ಕಳದು. ಅದರ ಮೇಲೆ ಕೂತ ಕನ್ನಡಿಯೂ ಮಣಿಯೂ ಪೇಟೆಯಿಂದ ಬಂದವು.

ಕರಿಮಣಿಯ ಕಥೆಯೂ ಇದೇ. ಮದುವೆಯಾದ ಹೆಣ್ಣಿನ ಕೊರಳಲ್ಲಿ ಚಿನ್ನ ಇಲ್ಲದಿದ್ದರೂ ನಡೆದೀತು, ಕರಿಮಣಿ ಇರಲೇಬೇಕು ಎನ್ನುವ ಮನೆಗಳು ನಮ್ಮಲ್ಲಿ ಸಾವಿರಾರು. ಆ ಕಪ್ಪು ಗಾಜನ್ನು ಕರಗಿಸಿದವರು ಯಾರು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಘಟ್ಟದ ಕೆಳಗೆ ಅಂಕೋಲಾದ ಸುಕ್ರಿ ಬೊಮ್ಮಗೌಡ, ತುಳಸಿ ಗೌಡ ಇಬ್ಬರೂ ಪದ್ಮಶ್ರೀ ತೆಗೆದುಕೊಂಡ ಚಿತ್ರಗಳನ್ನು ನೀವು ನೋಡಿರುತ್ತೀರಿ. ಅವರ ಹಾಲಕ್ಕಿ ಸಮುದಾಯದ ಹೆಂಗಸರು ಕೊರಳ ತುಂಬ, ಎದೆಯವರೆಗೆ ಇಳಿಬಿಡುವ ಆ ಮಣಿಸರಗಳ ಮುಂದೆ ರಾಷ್ಟ್ರಪತಿ ಭವನದ ಪದಕ ಸಣ್ಣದಾಗಿ ಕಾಣುತ್ತಿತ್ತು. ಅಲ್ಲೂ ಪೋಣಿಸುವುದಷ್ಟೇ ಮನೆಯ ಕೆಲಸ.

ಹಾಗಾದರೆ ಗಾಜು ಕರಗಿಸುವ ಕುಲುಮೆ ಈ ಕಡೆ ಇರಲೇ ಇಲ್ಲವೇ? ಇತ್ತು. ಚನ್ನಗಿರಿಯಿಂದ ಹೊಳಲ್ಕೆರೆ ದಾಟಿದರೆ ಹೊಸದುರ್ಗ ತಾಲ್ಲೂಕು. ಅಲ್ಲಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾದ ಊರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ, ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ಎಂದು ನೋಡಿಕೊಂಡು ಬರಲು ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. 1800–01ರಲ್ಲಿ ಊರೂರು ಸುತ್ತಿದ ಆತ ಬೆಳೆ, ಕಂದಾಯ, ಜಾತಿ, ಕಸುಬು ಯಾವುದನ್ನೂ ಬಿಡದೆ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಮತ್ತೋಡಿನ ಗಾಜಿನ ಕೆಲಸದ ವರ್ಣನೆ ಇದೆ. ಊರಗೋಡೆಯ ಬಳಿಯ ಎತ್ತರದ ಜಗಲಿಯಲ್ಲಿ ಗೂಡುಗಳ ಹಾಗೆ ಕಟ್ಟಿದ ಕುಲುಮೆಗಳು. ಒರಟಾದ, ಬೆಳಕು ಹಾಯದ ಗಾಜು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣ. ಮುಂದೆ ಲೂಯಿಸ್ ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರಿನಲ್ಲೂ ಮತ್ತೋಡಿನ ಬಳೆಯ ಮಾತು ಬರುತ್ತದೆ.

ನನಗೆ ಈ ವಿವರದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಕಚ್ಚಾವಸ್ತು. ಗಾಜಿನ ಮೈ ಎಂದರೆ ಸಿಲಿಕಾ, ಅಂದರೆ ಬೆಣಚುಕಲ್ಲು ಅಥವಾ ಶುದ್ಧ ಮರಳು. ಅದೊಂದನ್ನೇ ಕರಗಿಸಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬೇಕು. ಸೌದೆ ಹಾಕಿ ಅಷ್ಟು ಕಾವು ತರುವುದು ಆಗದ ಮಾತು. ಸೋಡಾ ಬೆರೆಸಿದರೆ ಕರಗುವ ಕಾವು ನೂರಾರು ಡಿಗ್ರಿ ಕೆಳಗಿಳಿಯುತ್ತದೆ. ಬರೀ ಸೋಡಾ ಹಾಕಿದ ಗಾಜು ನೀರಿಗೆ ಕರಗಿಹೋಗುತ್ತದೆ, ಆದ್ದರಿಂದ ಒಂದಿಷ್ಟು ಸುಣ್ಣದ ಅಂಶವೂ ಸೇರಬೇಕು. ಮತ್ತೋಡಿನವರು ಸೋಡಾವನ್ನು ಯಾವ ಕಾರ್ಖಾನೆಯಿಂದಲೂ ತರಲಿಲ್ಲ. ಬೇಸಿಗೆಯಲ್ಲಿ ಹೊಲದ ತಗ್ಗಿನಲ್ಲಿ ಬೆಳ್ಳಗೆ ಉಕ್ಕಿ ನಿಲ್ಲುತ್ತದಲ್ಲ, ಆ ಸೌಳು ಮಣ್ಣನ್ನು ಕೆರೆದು ತಂದರು. ಜಗಳೂರಿನ ರೈತ ಬೆಳೆ ಬಾರದು ಎಂದು ಬೈಯುವ, ಮಡಿವಾಳರು ಬಟ್ಟೆ ಒಗೆಯಲು ಬಳಸುತ್ತಿದ್ದ ಚೌಳೇ ಅದು. ಜೊತೆಗೆ ಕುಟ್ಟಿ ಪುಡಿ ಮಾಡಿದ ಬಿಳಿ ಬೆಣಚು. ಹೊನ್ನಾಳಿಯಲ್ಲಿ ತುಂಗಭದ್ರೆಯ ಮರಳಿಗೆ ಬರವಿಲ್ಲ ಎಂದು ನೀವು ಹೇಳಬಹುದು. ಆ ಮರಳಿನಲ್ಲಿ ಕಬ್ಬಿಣದ ಅಂಶವಿದೆ. ಅದರಿಂದ ಗಾಜು ಮಾಡಿದರೆ ಹಸಿರೋ ಕಂದೋ ಆಗುತ್ತದೆ. ಬಿಳಿ ಬೆಣಚು ಹುಡುಕಿದವರಿಗೆ ಆ ಲೆಕ್ಕ ಗೊತ್ತಿತ್ತು.

ಬಳೆ ಬೇರೆ, ಮಣಿ ಬೇರೆ ಅನ್ನಬೇಡಿ. ಕರಗಿದ ಗಾಜಿನ ಉಂಡೆಯನ್ನು ಕಬ್ಬಿಣದ ಸಲಾಕೆಗೆ ಸುತ್ತಿ, ತಿರುಗಿಸುತ್ತಾ ಅಗಲಿಸಿ, ಶಂಕುವಿನಾಕಾರದ ಅಚ್ಚಿಗೆ ಏರಿಸಿದರೆ ಬೆಸುಗೆಯಿಲ್ಲದ ಬಳೆ. ಅದೇ ಗಾಜನ್ನು ತೆಳ್ಳಗಿನ ಕಡ್ಡಿಗೆ ಸುತ್ತಿ ಬಿಟ್ಟರೆ ಮಣಿ. ಕೈಯ ಚಲನೆ ಒಂದೇ, ಕಡ್ಡಿಯ ದಪ್ಪವಷ್ಟೇ ಬೇರೆ. ಮತ್ತೋಡಿನ ಕುಲುಮೆಗಳು ಆರಿದವು. ಬಳೆಗಾರರು ತಯಾರಿಸುವವರಾಗಿ ಉಳಿಯದೆ ತೊಡಿಸುವವರಾದರು. ಅವರ ಮಲಾರಕ್ಕೆ ಫಿರೋಜಾಬಾದಿನ ಬಳೆ ಬಂದು ಕೂತಿತು. ಹೊರಗಿನ ಅಗ್ಗದ ಸರಕಿನ ಮುಂದೆ ಸೌದೆಯ ಖರ್ಚು ಹುಟ್ಟದಿದ್ದರೆ ಯಾವ ಕುಲುಮೆಯೂ ನಿಲ್ಲುವುದಿಲ್ಲ. ನೀವು ಈ ಕೆಲಸಕ್ಕೆ ಇಳಿಯುವ ಮುನ್ನ ಯೋಚಿಸಬೇಕಾದ ಮೊದಲ ಲೆಕ್ಕವೂ ಇದೇ, ಉರುವಲು.

ಇನ್ನೂ ಹಿಂದಕ್ಕೆ ಹೋಗುವುದಾದರೆ ಜಗಳೂರಿನಾಚೆಯ ಮೊಳಕಾಲ್ಮೂರಿಗೆ ಬನ್ನಿ. ಅಲ್ಲಿನ ಬ್ರಹ್ಮಗಿರಿಯನ್ನೂ ಚಿತ್ರದುರ್ಗದ ಚಂದ್ರವಳ್ಳಿಯನ್ನೂ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಅಗೆದರು. ಅದಕ್ಕೆ ಎರಡು ವರ್ಷ ಮೊದಲು, 1945ರಲ್ಲಿ, ಅವರು ಅಗೆದದ್ದು ಪುದುಚೇರಿ ಪಕ್ಕದ ಅರಿಕಮೇಡು. ರೋಮಿನ ಜೊತೆ ವ್ಯಾಪಾರ ನಡೆಸಿದ ಆ ಬಂದರಿನಲ್ಲಿ ಸಿಕ್ಕ ಪದಾರ್ಥಗಳ ಕಾಲವನ್ನು ಹಿಡಿದು ಒಳನಾಡಿನ ಪದರಗಳ ಕಾಲ ಕಟ್ಟುವುದು ಅವರ ಉಪಾಯ. ಕಲ್ಲಿನ, ಚಿಪ್ಪಿನ ಮಣಿಗಳ ಜೊತೆ ಗಾಜಿನ ಮಣಿಗಳೂ ನಮ್ಮ ಬಯಲುಸೀಮೆಯ ಹಳೆಯ ನೆಲೆಗಳಲ್ಲಿ ಸಿಕ್ಕಿವೆ. ಅರಿಕಮೇಡಂತೂ ಮಣಿಯ ಕಾರ್ಖಾನೆಯೇ. ಅಲ್ಲಿ ಮಾಡುತ್ತಿದ್ದ ಜಾತಿಯ, ಸಾಸಿವೆಯಿಂದ ಬಟಾಣಿವರೆಗಿನ ಗಾತ್ರದ ಒಂದೇ ಬಣ್ಣದ ಪುಟ್ಟ ಮಣಿಗಳು ಆಫ್ರಿಕಾದ ಪೂರ್ವ ತೀರದಿಂದ ಕೊರಿಯಾ, ಜಪಾನಿನವರೆಗೆ ನೆಲದಡಿ ಸಿಗುತ್ತವೆ. ವಿದ್ವಾಂಸರು ಅವಕ್ಕೆ ಇಂಡೋ-ಪೆಸಿಫಿಕ್ ಮಣಿ ಎಂದು ಹೆಸರಿಟ್ಟಿದ್ದಾರೆ.

ಈ ಹಳೆಯ ವಿಧಾನ ಇನ್ನೂ ಜೀವಂತವಾಗಿ ಉಳಿದುಬಂದ ಊರು ನಮಗೆ ಹತ್ತಿರದಲ್ಲೇ ಇದೆ. ತಿರುಪತಿಯಿಂದ ಕಾಳಹಸ್ತಿಗೆ ಹೋಗುವ ಸೀಮೆಯಲ್ಲಿ, ಏರ್ಪೇಡು ಮಂಡಲದ ಪಾಪಾನಾಯುಡುಪೇಟ. ಅಮೆರಿಕದ ಮಣಿ ಸಂಶೋಧಕ ಪೀಟರ್ ಫ್ರಾನ್ಸಿಸ್ ಅರಿಕಮೇಡಿನ ತಂತ್ರವನ್ನು ಅರ್ಥ ಮಾಡಿಕೊಂಡದ್ದು ಇಲ್ಲಿನ ಕುಲುಮೆಗಳನ್ನು ನೋಡಿದ ಮೇಲೆ. ಅಲ್ಲಿ ಮಣಿಯನ್ನು ಒಂದೊಂದಾಗಿ ಮಾಡುವುದಿಲ್ಲ. ‘ಲಾಡ’ ಎಂಬ ಉದ್ದನೆಯ ಕಬ್ಬಿಣದ ಕೊಳವೆಯ ತುದಿಗೆ ಕರಗಿದ ಗಾಜಿನ ದೊಡ್ಡ ಉಂಡೆಯನ್ನು ಹತ್ತಿಸಿ, ಹೊರಳಿಸಿ ಹೊರಳಿಸಿ ಶಂಕುವಿನಂತೆ ಮಾಡುತ್ತಾರೆ. ಕೊಳವೆಯೊಳಗಿಂದ ಸಲಾಕೆ ತೂರಿಸಿ ಗಾಜಿನ ನಡುವೆ ತೂತು ಬರಿಸಿ, ಕುಲುಮೆಯ ಒಂದು ಬಾಯಿಯಿಂದ ಅದನ್ನು ಒಳಗಿಡುತ್ತಾರೆ. ಎದುರು ಬಾಯಿಯಲ್ಲಿ ಕುಳಿತ ಹಿರಿಯ ಕಸುಬುದಾರ ಕೊಕ್ಕೆಯಿಂದ ತುದಿಯನ್ನು ಹಿಡಿದೆಳೆಯುತ್ತಾನೆ. ಬೆಲ್ಲದ ಪಾಕ ಎಳೆ ಬಂದ ಹಾಗೆ ಗಾಜು ಎಳೆಯಾಗಿ ಬರುತ್ತದೆ, ಒಳಗಿನ ತೂತು ಎಳೆಯ ಉದ್ದಕ್ಕೂ ಉಳಿಯುತ್ತದೆ. ಗಂಟೆಗಟ್ಟಲೆ ಕೈ ಮೇಲೆ ಕೈ ಹಾಕಿ ಎಳೆಯುತ್ತಲೇ ಇರಬೇಕು; ವೇಗ ಹೆಚ್ಚಾದರೆ ಎಳೆ ಸಣ್ಣ, ಕಡಿಮೆಯಾದರೆ ದಪ್ಪ. ಆಮೇಲೆ ಆ ಕೊಳವೆಗಳನ್ನು ಚೂರು ಚೂರಾಗಿ ಕತ್ತರಿಸಿ, ತೂತು ಮುಚ್ಚದಂತೆ ಬೂದಿ ತುಂಬಿ, ಮತ್ತೆ ಕಾಯಿಸಿ ಕಲಕಿದರೆ ಅಂಚು ಉರುಟಾಗುತ್ತದೆ. ಜರಡಿ ಹಿಡಿದು, ಗಾತ್ರ ವಿಂಗಡಿಸಿ ಪೋಣಿಸುವ ಕೆಲಸ ಹೆಂಗಸರದು. ಅಲ್ಲೂ!

ಇದನ್ನು ಒಮ್ಮೆ ನೋಡಿ ಬನ್ನಿ ಎನ್ನುತ್ತೇನೆ, ಕಲಿಯಿರಿ ಎನ್ನುವುದಿಲ್ಲ. ಲಾಡದ ಕೆಲಸ ಒಬ್ಬರಿಂದ ಆಗುವುದಲ್ಲ. ಅದಕ್ಕೆ ಹಗಲಿರುಳು ಉರಿಯುವ ಕುಲುಮೆ ಬೇಕು, ಹಿಂದೆ ಒಂದು ಕೇರಿಯೇ ನಿಲ್ಲಬೇಕು. ಉತ್ತರ ಪ್ರದೇಶದ ಹಾಥರಸ್ ಜಿಲ್ಲೆಯ ಪುರ್ದಿಲ್‌ನಗರದ್ದು ಇನ್ನೊಂದು ದಾರಿ. ಅಲ್ಲಿ ಒಂದೇ ಕುಲುಮೆಯ ಸುತ್ತ ಹಲವರು ಕುಳಿತು ಜೇಡಿ ಬಳಿದ ಕಡ್ಡಿಗೆ ಕರಗಿದ ಗಾಜನ್ನು ಸುತ್ತಿ ಮಣಿ ಇಳಿಸುತ್ತಾರೆ. ಬನಾರಸಿನಲ್ಲಿ ಕುಲುಮೆಯನ್ನೂ ಬಿಟ್ಟು, ಮೇಜಿನ ಮೇಲಿನ ಜ್ವಾಲೆಯಲ್ಲಿ ಗಾಜಿನ ಕಡ್ಡಿ ಕರಗಿಸಿ ಮಣಿ ಮಾಡುತ್ತಾರೆ; ವಾರಾಣಸಿಯ ಗಾಜಿನ ಮಣಿಗೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ನೀವು ಹುಡುಕುತ್ತಿರುವ ದಾರಿ ಈ ಮೂರನೆಯದು. ವೆನಿಸ್ ನಗರ ಬೆಂಕಿಗೆ ಹೆದರಿ 1291ರಲ್ಲಿ ಗಾಜಿನ ಕುಲುಮೆಗಳನ್ನೆಲ್ಲ ಮುರಾನೊ ದ್ವೀಪಕ್ಕೆ ಅಟ್ಟಿತು. ಮುಂದಿನ ಶತಮಾನಗಳಲ್ಲಿ ಅಲ್ಲಿನ ಕಸುಬುದಾರರು ದೀಪದ ಜ್ವಾಲೆಯಲ್ಲಿ ಮಣಿ ಮಾಡುವುದನ್ನು ಬೆಳೆಸಿದರು, ಗುಟ್ಟನ್ನು ಮನೆತನದೊಳಗೇ ಕಟ್ಟಿಟ್ಟರು. ಆ ಗುಟ್ಟು ಪೂರ್ತಿ ಬಯಲಾದದ್ದು ತೀರ ಈಚೆಗೆ. ಅಮೆರಿಕದಲ್ಲಿ ಮನೆಯಲ್ಲೇ ಮಣಿ ಮಾಡುವ ಕಲಾವಿದರು ಸೇರಿ ಒಂದು ಸಂಘ ಕಟ್ಟಿದ್ದೇ 1993ರಲ್ಲಿ. ಅವರಲ್ಲಿ ಬಹಳ ಮಂದಿ ನಿಮ್ಮ ಹಾಗೆಯೇ ಪೋಣಿಸುವುದರಿಂದ ಶುರು ಮಾಡಿ ಮಾಡುವುದಕ್ಕೆ ಬಂದವರು.

ಕೆಲಸ ಹೀಗೆ. ತುಕ್ಕು ಹಿಡಿಯದ ಉಕ್ಕಿನ ಕಡ್ಡಿಗೆ ನುಣ್ಣನೆಯ ಬಿಳಿ ಜೇಡಿಯ ಲೇಪ ಕೊಟ್ಟು ಒಣಗಿಸುವುದು; ಇಲ್ಲದಿದ್ದರೆ ಗಾಜು ಉಕ್ಕಿಗೆ ಕಚ್ಚಿಕೊಂಡು ಬಿಡುವುದಿಲ್ಲ. ಎಡಗೈಯಲ್ಲಿ ಆ ಕಡ್ಡಿ, ಬಲಗೈಯಲ್ಲಿ ಪೆನ್ಸಿಲ್ ದಪ್ಪದ ಗಾಜಿನ ಕಡ್ಡಿ, ಎದುರಿಗೆ ಜ್ವಾಲೆ. ಗಾಜಿನ ತುದಿಯನ್ನು ಮೊದಲು ದೂರದಲ್ಲಿಟ್ಟು ನಿಧಾನ ಬಿಸಿ ಮಾಡಬೇಕು, ಒಮ್ಮೆಲೇ ಹಿಡಿದರೆ ಸಿಡಿಯುತ್ತದೆ. ತುದಿ ಕೆಂಪಗೆ ಹೊಳೆದು ಬೊಟ್ಟು ಕಟ್ಟಿದಾಗ ಜೇಡಿ ಕಡ್ಡಿಗೆ ಮುಟ್ಟಿಸಿ, ಎಡಗೈ ನಿಮ್ಮಿಂದಾಚೆಗೆ ತಿರುಗುತ್ತಿರಲು ಸುತ್ತಿಕೊಳ್ಳಬೇಕು. ತಿರುಗುವುದು ನಿಂತರೆ ಗಾಜು ಒಂದೇ ಕಡೆ ಜೋತುಬೀಳುತ್ತದೆ. ಉರುಟು ಮಾಡುವುದು ಕುಶಲಿಯ ಕೈಯಲ್ಲ, ಕರಗಿದ ಗಾಜಿನ ಮೇಲ್ಮೈ ಎಳೆತ. ಗುರುತ್ವ ಗಾಜನ್ನು ಒಂದೇ ಕಡೆಗೆ ಜಗ್ಗದಂತೆ ತಿರುಗಿಸುತ್ತಾ ಅದಕ್ಕೆ ಅವಕಾಶ ಕೊಡುವುದಷ್ಟೇ ಎಡಗೈಯ ಕೆಲಸ. ಪೋಣಿಸುವ ಅಭ್ಯಾಸವಿರುವ ನಿಮ್ಮ ಬೆರಳಿಗೆ ಇದು ಬೇಗ ಹತ್ತುತ್ತದೆ ಎಂಬುದು ನನ್ನ ಅಂದಾಜು. ಚುಕ್ಕಿ, ಬಳ್ಳಿ, ಗೆರೆ ಎಲ್ಲ ಆಮೇಲಿನ ಮಾತು. ಬಣ್ಣ ಬರುವುದು ಲೋಹದ ಆಕ್ಸೈಡುಗಳಿಂದ: ಕೋಬಾಲ್ಟ್ ಗಾಢ ನೀಲಿ, ತಾಮ್ರ ಗಾಳಿ ಚೆನ್ನಾಗಿದ್ದರೆ ತಿಳಿನೀಲಿ, ಜ್ವಾಲೆಯಲ್ಲಿ ಆಮ್ಲಜನಕ ಕಮ್ಮಿಯಾದರೆ ಕೆಂಪು, ಮ್ಯಾಂಗನೀಸ್ ನೇರಳೆ. ಕರಿಮಣಿಯನ್ನು ಬಲವಾದ ಬೆಳಕಿಗೆ ಹಿಡಿದು ನೋಡಿ. ಎಷ್ಟೋ ಸಲ ಅದು ಕಪ್ಪಲ್ಲ, ಬಲು ದಟ್ಟ ನೇರಳೆ.

ಮಣಿಯನ್ನು ಮಾಡುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಜ್ವಾಲೆಯಿಂದ ತೆಗೆದ ಮಣಿಯ ಮೈ ಬೇಗ ತಣ್ಣಗಾಗಿ ಗಟ್ಟಿಯಾಗುತ್ತದೆ, ಒಡಲು ಇನ್ನೂ ಬಿಸಿಯಾಗಿ ಕುಗ್ಗುತ್ತಲೇ ಇರುತ್ತದೆ. ಈ ಜಗ್ಗಾಟ ಗಾಜಿನೊಳಗೇ ಸಿಕ್ಕಿಕೊಂಡರೆ ಮಣಿ ಆಗಲೇ ಟಣ್ಣೆಂದು ಬಿರಿಯಬಹುದು. ಬಿರಿಯದೆ ಕೊಳ್ಳುವವರ ಕೊರಳಿಗೆ ಹೋಗಿ, ಆರು ತಿಂಗಳ ಮೇಲೆ ಒಂದು ಚಳಿಯ ಬೆಳಗ್ಗೆ ಎರಡು ಹೋಳಾಗಲೂಬಹುದು. ಅದು ಇನ್ನೂ ಕೆಟ್ಟದ್ದು. ಇದಕ್ಕೆ ಮದ್ದು ಹದವಾಗಿ ತಣಿಸುವುದು. ಸೋಡಾ-ಸುಣ್ಣದ ಗಾಜಾದರೆ 500ರಿಂದ 550 ಡಿಗ್ರಿ ಸೆಲ್ಸಿಯಸ್‌ನ ಕಾವಿನಲ್ಲಿ ಅರ್ಧ ಗಂಟೆಯಾದರೂ ಇಟ್ಟು, ಆಮೇಲೆ ಗಂಟೆಗಟ್ಟಲೆ ಇಳಿಸುತ್ತಾ ಬರಬೇಕು. ಅದಕ್ಕೆ ಕಾವು ತೋರಿಸುವ ಯಂತ್ರವಿರುವ ಪುಟ್ಟ ವಿದ್ಯುತ್ ಗೂಡು ಬೇಕು. ಬಿಸಿ ಬೂದಿಯಲ್ಲಿ ಹೂತಿಟ್ಟರೆ ಸಾಲದೇ ಎಂದು ಕೇಳುತ್ತಾರೆ. ಬಟಾಣಿಗಿಂತ ಸಣ್ಣ ಮಣಿ ಉಳಿದರೂ ಉಳಿದೀತು. ಮಾರುವ ಸರಕಿಗೆ ಅದು ನಂಬಿಕೆಯ ವಿಧಾನವಲ್ಲ. ಪರೀಕ್ಷೆಗೆ ಒಂದು ಸುಲಭ ಉಪಾಯವಿದೆ. ಎರಡು ಪೋಲರಾಯ್ಡ್ ಹಾಳೆಗಳನ್ನು ಒಂದಕ್ಕೊಂದು ಅಡ್ಡವಾಗಿ, ಬೆಳಕು ಪೂರ್ತಿ ಮರೆಯಾಗುವಂತೆ ಹಿಡಿದು, ನಡುವೆ ಮಣಿಯನ್ನಿಡಿ. ಪಾರದರ್ಶಕ ಮಣಿಯೊಳಗೆ ಜಗ್ಗಾಟ ಉಳಿದಿದ್ದರೆ ಅಲ್ಲಿ ಬೆಳಕು ಮಿಂಚುತ್ತದೆ. ನನ್ನನ್ನು ಕೇಳಿದರೆ, ಕೈಯಲ್ಲಿರುವ ಹಣದಲ್ಲಿ ಜ್ವಾಲೆಯ ಸಾಧನ ಸಾಧಾರಣದ್ದೇ ಇರಲಿ, ತಣಿಸುವ ಗೂಡು ಮಾತ್ರ ಒಳ್ಳೆಯದಿರಲಿ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ.

ಒಡೆದ ಬಳೆಯಿಂದ ಮಣಿ ಮಾಡಬಹುದೇ ಎಂಬುದು ನಿಮ್ಮ ಮುಂದಿನ ಪ್ರಶ್ನೆಯಾಗಿರುತ್ತದೆ. ಬಳೆ ಚೂರು ಎಲ್ಲ ಮನೆಯಲ್ಲೂ ಇದೆ, ಬಣ್ಣವೂ ಸೊಗಸು. ಒಂದೇ ಬಳೆಯ ಚೂರುಗಳಿಂದ ಒಂದು ಮಣಿ ಮಾಡಿ, ಅಡ್ಡಿಯಿಲ್ಲ. ಹಸಿರು ಬಳೆಯ ಮೇಲೆ ಕೆಂಪು ಬಳೆಯ ಚುಕ್ಕಿ ಇಟ್ಟಿರೋ, ಕಷ್ಟ. ಪ್ರತಿ ಗಾಜೂ ಬಿಸಿಗೆ ಹಿಗ್ಗುವ, ತಣಿದಾಗ ಕುಗ್ಗುವ ಪ್ರಮಾಣ ಬೇರೆ. ಮಣಿಗಾರರು ಕೊಳ್ಳುವ ಮೆದು ಗಾಜಿಗೆ ಈ ಅಂಕಿ 104, ಪ್ರಯೋಗಾಲಯದ ಬೋರೋಸಿಲಿಕೇಟ್ ಗಾಜಿಗೆ 33, ಬಾಟಲಿ ಗಾಜು 90ರ ಆಸುಪಾಸು. ಅಂಕಿ ಹೊಂದದ ಎರಡು ಗಾಜನ್ನು ಬೆಸೆದರೆ ಎಷ್ಟೇ ಹದವಾಗಿ ತಣಿಸಿದರೂ ಬಿರುಕು ಕಟ್ಟಿಟ್ಟದ್ದು.

ಜ್ವಾಲೆಯ ಖರ್ಚು, ಗಾಜಿನ ಕಡ್ಡಿ ತರಿಸುವ ಪಾಡು ಎರಡೂ ಬೇಡ ಎನ್ನುವವರಿಗೆ ಪಶ್ಚಿಮ ಆಫ್ರಿಕಾದ ಘಾನಾ ದೇಶದಲ್ಲಿ ಒಂದು ದಾರಿ ಇದೆ, ನಮ್ಮ ಸೀಮೆಗೆ ಅದು ಬಹಳ ಚೆನ್ನಾಗಿ ಒಗ್ಗೀತು. ಅಲ್ಲಿನ ಕ್ರೊಬೊ ಜನ ಬಿಸಾಡಿದ ಬಾಟಲಿಗಳನ್ನು ಕುಟ್ಟಿ, ಸೋಸಿ, ಆ ಪುಡಿಯನ್ನು ಜೇಡಿಮಣ್ಣಿನ ಅಚ್ಚಿನ ಗುಳಿಗಳಿಗೆ ತುಂಬುತ್ತಾರೆ. ಗಾಜು ಅಂಟದಂತೆ ಗುಳಿಗೆ ಮೊದಲೇ ಬಿಳಿಜೇಡಿ ಬಳಿದಿರುತ್ತದೆ. ತೂತಿಗಾಗಿ ನಡುವೆ ಮರಗೆಣಸಿನ ಎಲೆಯ ತೊಟ್ಟು ನೆಡುತ್ತಾರೆ. ಗೂಡಿನ ಕಾವಿಗೆ ತೊಟ್ಟು ಸುಟ್ಟು ಬೂದಿಯಾಗಿ ತೂತು ಉಳಿಯುತ್ತದೆ. ಬಣ್ಣದ ಪುಡಿಗಳನ್ನು ಪದರ ಪದರವಾಗಿ ತುಂಬಿದರೆ ಪಟ್ಟೆ ಮಣಿ. ಬಾಟಲಿ ಪುಡಿ ಬೆಸೆದುಕೊಳ್ಳಲು 800 ಡಿಗ್ರಿಯ ಮೇಲಷ್ಟು ಕಾವು ಸಾಕು; ಒಳ್ಳೆಯ ಕುಂಬಾರಗೂಡು ಅಲ್ಲಿಗೆ ತಲುಪುತ್ತದೆ. ಬಾಟಲಿ ನಮ್ಮ ಕೆರೆ ದಂಡೆಗಳಲ್ಲಿ ಬೇಕಾದಷ್ಟು ಬಿದ್ದಿವೆ, ದುರದೃಷ್ಟಕ್ಕೆ. ಜೇಡಿಮಣ್ಣು ತಿಳಿದ ಕುಂಬಾರರೊಬ್ಬರು ಜೊತೆಯಾದರೆ ಮೊದಲ ಮಣಿ ಈ ಬೇಸಿಗೆಯಲ್ಲೇ ಹೊರಬರಬಹುದು. ಒಂದು ಸಲಕ್ಕೆ ಒಂದೇ ಬಗೆಯ ಬಾಟಲಿ ಎಂಬ ನಿಯಮ ಮಾತ್ರ ಇಲ್ಲೂ ತಪ್ಪದು.

ಈಗ ಅಡುಗೆಮನೆ ಏಕೆ ಬೇಡ ಎಂಬುದು. ಗ್ಯಾಸ್ ಜ್ವಾಲೆ ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಸೇರಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ತಲೆ ಸುತ್ತುವಷ್ಟರಲ್ಲಿ ತಡವಾಗಿರುತ್ತದೆ. ಕೆಲಸದ ಜಾಗಕ್ಕೆ ಹೊಗೆ ಹೊರಹಾಕುವ ಫ್ಯಾನೂ ಗಾಳಿ ಒಳಬರುವ ಕಿಟಕಿಯೂ ಎರಡೂ ಇರಬೇಕು. ಗಾಜಿನ ಪುಡಿ, ಒಣ ಜೇಡಿಯ ದೂಳು ಶ್ವಾಸಕೋಶದಲ್ಲಿ ಕುಳಿತರೆ ಇಳಿಯುವುದಿಲ್ಲ. ಬಾಟಲಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕುಟ್ಟಿ, ಪುಡಿಯನ್ನು ನೀರಿನಲ್ಲೇ ಸೋಸಿ, ಮೂಗಿಗೆ ಒಳ್ಳೆಯ ಮಾಸ್ಕ್ ಕಟ್ಟಿ. ಕಾದ ಗಾಜಿನ ಸೋಡಿಯಂ ಕಣ್ಣು ಕುಕ್ಕುವ ಹಳದಿ ಬೆಳಕು ಚೆಲ್ಲುತ್ತದೆ. ಅದನ್ನು ತಡೆಯಲು ಡೈಡಿಮಿಯಂ ಕನ್ನಡಕವೇ ಬೇಕು, ಬಿಸಿಲಿನ ಕಪ್ಪು ಕನ್ನಡಕ ಸಾಲದು. ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ಮಾರಾಟದ ಕೆಲಸಕ್ಕೆ ಬಳಸುವುದು ಕಾನೂನಿಗೆ ವಿರುದ್ಧ, 19 ಕಿಲೋದ ವಾಣಿಜ್ಯ ಸಿಲಿಂಡರ್ ತೆಗೆದುಕೊಳ್ಳಿ. ಸೆರಗು, ದುಪಟ್ಟಾ, ನೈಲಾನ್ ಬಟ್ಟೆ ಜ್ವಾಲೆಯ ಹತ್ತಿರ ಬೇಡವೇ ಬೇಡ.

ಎಲ್ಲಿ ಕಲಿಯುವುದು? ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ 1964ರಿಂದ ಇದೆ. ಬಣ್ಣ, ವಿನ್ಯಾಸದ ಕಣ್ಣು ಬೇಕಿದ್ದರೆ ಅಲ್ಲಿನ ಮೇಷ್ಟ್ರುಗಳ ಹತ್ತಿರ ಮಾತಾಡಿ, ಮಣಿ ಕಲಿಯಲು ಅದು ಜಾಗವಲ್ಲ. ಗಾಜಿನ ಉದ್ದಿಮೆಗೆಂದೇ ಫಿರೋಜಾಬಾದಿನಲ್ಲಿ ಕೇಂದ್ರ ಸರ್ಕಾರದ ಗಾಜು ಉದ್ಯಮ ಅಭಿವೃದ್ಧಿ ಕೇಂದ್ರವಿದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸೆರಾಮಿಕ್ ಮತ್ತು ಗಾಜಿನ ವಿನ್ಯಾಸದಲ್ಲಿ ಸ್ನಾತಕೋತ್ತರ ಪದವಿ ಕೊಡುತ್ತದೆ, ಅದು ವರ್ಷಗಟ್ಟಲೆಯ, ಪ್ರವೇಶ ಪರೀಕ್ಷೆಯ ದಾರಿ. ಯಾರೂ ಹೇಳದ ಇನ್ನೊಂದು ಬಾಗಿಲಿದೆ: ವಿಜ್ಞಾನ ಸಂಸ್ಥೆಗಳಲ್ಲಿ ಗಾಜಿನ ಉಪಕರಣ ಊದಿ ಮಾಡಿಕೊಡುವ ಕುಶಲಿಗಳು. ಜ್ವಾಲೆ, ಗಾಜು, ತಣಿಸುವಿಕೆ ಮೂರನ್ನೂ ಅವರಷ್ಟು ಬಲ್ಲವರು ವಿರಳ. ಅಂಥ ಒಬ್ಬರ ಪಕ್ಕ ಒಂದು ವಾರ ಕುಳಿತರೆ ಹತ್ತು ವಿಡಿಯೊ ನೋಡಿದ್ದಕ್ಕಿಂತ ಮೇಲು. ಸರ್ಕಾರದ ನೆರವಿನ ವಿಷಯ ಚುಟುಕಾಗಿ: 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರರಿದ್ದಾರೆ, ಅಕ್ಕಸಾಲಿಗರಿದ್ದಾರೆ, ಹೂಮಾಲೆ ಕಟ್ಟುವವರೂ ಇದ್ದಾರೆ, ಗಾಜಿನವರಿಲ್ಲ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ‘ಪೆಹಚಾನ್’ ಗುರುತಿನ ಚೀಟಿಗೆ ಪ್ರಯತ್ನಿಸಿ, ಮೇಳಗಳಲ್ಲಿ ಮಳಿಗೆ ಹಿಡಿಯಲು ಉಪಯೋಗಕ್ಕೆ ಬರುತ್ತದೆ.

ಕೊನೆಗೆ, ಮಾರಾಟ. ಯಂತ್ರದಲ್ಲಿ ಇಳಿದ ಚೀನಾ ಮಣಿಯ ದರಕ್ಕೆ ಕೈಮಣಿ ಕೊಡಲು ಹೋದರೆ ಒಂದೇ ವರ್ಷದಲ್ಲಿ ಗೂಡು ಮಾರಬೇಕಾದೀತು. ಸರ ಪೂರ್ತಿ ನಿಮ್ಮ ಮಣಿಯೇ ಆಗಬೇಕಿಲ್ಲ. ನಡುವೆ ಮೂರೋ ಐದೋ ನಿಮ್ಮ ಕೈಮಣಿ, ಉಳಿದದ್ದು ಪೇಟೆಯದು ಇರಲಿ, ಬೆಲೆ ಏರುವುದು ಆ ಐದರಿಂದ. ಕೈಮಣಿ ಎಂದು ಗಿರಾಕಿಗೆ ತೋರಿಸಲು ತೂತಿನೊಳಗೆ ನೋಡಲು ಹೇಳಿ; ಕಡ್ಡಿಗೆ ಸುತ್ತಿದ ಮಣಿಯಲ್ಲಿ ಬಿಳಿ ಜೇಡಿಯ ಒಂದಿಷ್ಟು ಗುರುತು ಇದ್ದೇ ಇರುತ್ತದೆ, ಎರಡು ಮಣಿ ಅಚ್ಚು ಹೊಯ್ದಂತೆ ಇರುವುದಿಲ್ಲ. ವಿನ್ಯಾಸಕ್ಕೆ ಮುರಾನೊ ಚಿತ್ರಗಳನ್ನು ನಕಲು ಮಾಡುವ ಬದಲು ಕಾಂಚಳಿಯ ಮೇಲಿನ ಚೌಕ, ಗೆರೆ, ಚುಕ್ಕಿಗಳನ್ನೇ ಗಾಜಿಗೆ ಇಳಿಸಿ. ತಾಂಡಾದ ಕಸೂತಿಗೆ ಹೊಲಿಯುವ ಮಣಿ ಸೂರಗೊಂಡನಕೊಪ್ಪದ ಪಕ್ಕದಲ್ಲೇ ತಯಾರಾದರೆ ಕೊಳ್ಳುವವರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಉಳಿದ ಓದುಗರಲ್ಲಿ ಒಂದು ಕೋರಿಕೆ. ಮತ್ತೋಡು, ಹೊಸದುರ್ಗ ಕಡೆಯ ಬಳೆಗಾರ ಮನೆತನಗಳಲ್ಲಿ ಕುಲುಮೆಯ ಸಲಾಕೆ, ಮೂಸೆ, ಹಳೆಯ ಐದು ಬಣ್ಣದ ಬಳೆಯ ತುಂಡು, ಇಲ್ಲವೇ ಹಿರಿಯರಿಂದ ಕೇಳಿದ ಮಾತು ಉಳಿದಿದ್ದರೆ ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಿ. ನ್ಯಾಮತಿಯ ಈ ಓದುಗರಿಗೆ ಅದನ್ನು ತಲುಪಿಸುತ್ತೇವೆ.